ಹುಂಚದ ಉರ್ವೀತಿಲಕ
ಹೊಸನಗರ ತಾಲ್ಲೂಕಿನ ಹುಂಚಕ್ಕೆ ಹೋದವರು ಪದ್ಮಾವತಿ ಅಮ್ಮನವರಿಗೆ ಕೈಮುಗಿದು, ಲಕ್ಕಿ ಮರ ನೋಡಿ, ಮಠದಲ್ಲಿ ಊಟ ಮುಗಿಸಿ ತೀರ್ಥಹಳ್ಳಿ ಕಡೆ ಹೊರಟುಬಿಡುತ್ತಾರೆ. ಈ ಹುಂಚವೇ ಶಾಸನಗಳ ಪೊಂಬುರ್ಚ. ಸಾಂತರ ಅರಸರ ರಾಜಧಾನಿ, ಈಗಲೂ ಜೈನ ಭಟ್ಟಾರಕರ ಪೀಠ. ರಾಜ್ಯ ಅಳಿಯಿತು, ಅಮ್ಮನ ಊರು ಉಳಿಯಿತು. ಸುತ್ತ ಅಡಿಕೆ ತೋಟ, ಗದ್ದೆ, ಹೂಕಾಯಿ ಅಂಗಡಿಗಳ ಸದ್ದು. ಆ ಸದ್ದಿನಿಂದ ತುಸು ಆಚೆ ಪಂಚಕೂಟ ಬಸದಿ. 1077ರಲ್ಲಿ ಕಟ್ಟಿಸಿದವಳು ಸಾಂತರ ಅರಮನೆಯ ಚಟ್ಟಲದೇವಿ, ಅಗಲಿದ ತನ್ನವರ ನೆನಪಿಗೆ. ಒಂದೇ ಸಾಲಿನಲ್ಲಿ ಐದು ಗರ್ಭಗುಡಿ, ಎದುರಿಗೆ ಎತ್ತರದ ಮಾನಸ್ತಂಭ. ಈ ಬಸದಿಯ ಹೆಸರೇ ‘ಉರ್ವೀತಿಲಕ’, ಎಂದರೆ ಭೂಮಿಯ ತಿಲಕ. ಒಬ್ಬ ಹೆಣ್ಣುಮಗಳ ದುಃಖ ಇಷ್ಟು ಘನವಾಗಿ ಕಲ್ಲಾದದ್ದು ಮಲೆನಾಡಿನಲ್ಲಿ ನಾನು ಬೇರೆಲ್ಲೂ ಕಂಡಿಲ್ಲ. ಈ ಸಲ ಹೋದರೆ ಬಸ್ಸಿನ ಅವಸರ ಬಿಡಿ, ಬಸದಿಯ ಜಗಲಿಯ ಮೇಲೆ ಅರ್ಧ ಗಂಟೆ ಕೂತು ಬನ್ನಿ.