ಜಡ್ಡಿಯ ನೀರು, ತೋಟದ ಬಾಯಾರಿಕೆ

ಜೋಗದಿಂದ ಹೊನ್ನಾವರದತ್ತ ಇಳಿಯುವ ಹೆದ್ದಾರಿಯ ಮಗ್ಗುಲಲ್ಲಿ, ಸಿದ್ದಾಪುರ ತಾಲ್ಲೂಕಿಗೆ ಸೇರಿದ ಕತ್ತಲೆಕಾನು ಎಂಬ ಕಾಡಿದೆ. ಹೆಸರಿಗೆ ತಕ್ಕಂತೆ ನಡುಹಗಲಿನಲ್ಲಿಯೂ ಬಿಸಿಲು ನೆಲ ಮುಟ್ಟದ ತಾಣ. ಏಪ್ರಿಲ್ ತಿಂಗಳಲ್ಲಿ ಸುತ್ತಲಿನ ಊರುಗಳ ಬಾವಿಗಳು ತಳ ಕಾಣುತ್ತಿರುವಾಗಲೂ ಇಲ್ಲಿನ ಕಣಿವೆಯ ನೆತ್ತಿಯಲ್ಲಿ ಹೆಜ್ಜೆಯಿಟ್ಟರೆ ಕಾಲು ಕೆಸರಿನಲ್ಲಿ ಹೂಳುತ್ತದೆ. ಆ ಕೆಸರಿನಿಂದ ಮಂಡಿ ಮಡಿಸಿದಂತೆ ಮೇಲೆದ್ದು ಮತ್ತೆ ನೆಲಕ್ಕಿಳಿದ ಬೇರುಗಳು ಎಲ್ಲೆಡೆ ಹರಡಿರುತ್ತವೆ. ಮಲೆನಾಡಿನ ಜನ ರಾಮಪತ್ರೆ ಜಡ್ಡಿ ಎಂದು ಕರೆಯುವ ಈ ಜೌಗು ಕಾಡಿನ ಮರಗಳು ಉಸಿರಾಡುವುದು ಈ ಬೇರುಗಳ ಮೂಲಕ. ಸದಾ ನೀರು ನಿಂತ ಮಣ್ಣಿನಲ್ಲಿ ಗಾಳಿಯಿಲ್ಲದ ಕಾರಣ ಬೇರು ಗಾಳಿಗಾಗಿ ಮೇಲಕ್ಕೇರಬೇಕಾಗುತ್ತದೆ.

ಜಾಯಿಕಾಯಿಯ ಕುಟುಂಬಕ್ಕೆ ಸೇರಿದ ಈ ಮರಗಳು ಹೂಬಿಡುವ ಸಸ್ಯಗಳ ಅತಿ ಪ್ರಾಚೀನ ಶಾಖೆಗಳಲ್ಲಿ ಒಂದು. ತಿರುವಾಂಕೂರು ಸೀಮೆಯ ಜಡ್ಡಿಗಳನ್ನು ಕೆ. ಕೃಷ್ಣಮೂರ್ತಿಯವರು 1960ರಲ್ಲಿ ವರ್ಣಿಸಿದ ಮೇಲೆ ಸಸ್ಯಶಾಸ್ತ್ರಜ್ಞರ ಗಮನ ಇವುಗಳತ್ತ ಹರಿಯಿತು. ಕತ್ತಲೆಕಾನಿನ ಜಡ್ಡಿಯಲ್ಲಿ ದೊರೆತ ಕರಿಗೇರಿನ ಕುಲದ ಮರವೊಂದು ಹೊಸ ಪ್ರಭೇದವೆಂದು 2000ದಲ್ಲಿ ಪ್ರಕಟವಾಗಿ, ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಆ ಊರಿನ ಹೆಸರನ್ನೇ ಪಡೆಯಿತು. ಇಪ್ಪತ್ತನೆಯ ಶತಮಾನ ಮುಗಿಯುವವರೆಗೂ ಹೆದ್ದಾರಿಯ ಬದಿಯಲ್ಲಿಯೇ ಇದ್ದ ದೊಡ್ಡ ಮರವೊಂದು ವಿಜ್ಞಾನದ ಕಣ್ಣಿಗೆ ಬಿದ್ದಿರಲಿಲ್ಲ ಎಂಬುದನ್ನು ಗಮನಿಸಬೇಕು. ಇನ್ನುಳಿದ ಜಡ್ಡಿಗಳಲ್ಲಿ ಏನೇನಿತ್ತು, ಏನೇನು ಅಳಿಯಿತು ಎಂದು ಕೇಳಿದರೆ ಉತ್ತರ ಕೊಡುವವರಿಲ್ಲ.

ಅಪರೂಪದ ಮರಗಳ ಮಾತು ಒಂದೆಡೆಯಿರಲಿ. ಜಡ್ಡಿಯ ಪ್ರಶ್ನೆ ಮೊದಲಿಗೆ ನೀರಿನ ಪ್ರಶ್ನೆ. ಮಳೆಗಾಲದ ನಾಲ್ಕು ತಿಂಗಳು ಗುಡ್ಡದಿಂದ ಧಾವಿಸಿ ಬರುವ ನೀರು ಜಡ್ಡಿಯಲ್ಲಿ ನಿಧಾನಿಸುತ್ತದೆ. ಬೇರುಗಳ ಹೆಣಿಗೆ ಅದರ ಓಟವನ್ನು ತಡೆಯುತ್ತದೆ, ಕೊಳೆತ ಎಲೆಗಳಿಂದ ಕಪ್ಪಾದ ಮಣ್ಣು ಸ್ಪಂಜಿನಂತೆ ಹೀರಿಕೊಳ್ಳುತ್ತದೆ, ಮಳೆ ನಿಂತ ಮೇಲೆ ತೊಟ್ಟುತೊಟ್ಟಾಗಿ ಕೆಳಗಿನ ಹಳ್ಳಕ್ಕೆ ಬಿಡುತ್ತದೆ. ಅಡಿಕೆ ದಬ್ಬೆಯಲ್ಲಿ ಹರಿದು ಮನೆಯ ಹಿತ್ತಿಲಿಗೆ ಬರುತ್ತಿದ್ದ ಅಬ್ಬಿನೀರಿನ ಮೂಲವನ್ನು ಹುಡುಕುತ್ತ ಹೋದರೆ ಎಷ್ಟೋ ಊರುಗಳಲ್ಲಿ ಸಿಗುವುದು ಇಂಥದೊಂದು ಜಡ್ಡಿ, ಇಲ್ಲವೇ ಜಡ್ಡಿಯಿದ್ದ ಜಾಗ.

ಆ ಜಾಗದಲ್ಲಿ ಈಗ ಇರುವುದು ಬಹುಮಟ್ಟಿಗೆ ಅಡಿಕೆ. ಇದನ್ನು ಹೇಳುವಾಗ ಬೆಳೆಗಾರನನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸುವುದು ಸುಲಭ, ಆದರೆ ನ್ಯಾಯವಲ್ಲ. ಭತ್ತದ ಗದ್ದೆ ಕೂಲಿಯ ಖರ್ಚನ್ನೂ ಹಿಂದಿರುಗಿಸದು. ಬಯಲುಸೀಮೆಯಲ್ಲಿ ಕೊಳವೆಬಾವಿ ಮತ್ತು ನಾಲೆಯ ನೀರಿನ ಬಲದಿಂದ ಅಡಿಕೆ ಹಬ್ಬುತ್ತಲೇ ಇದೆ. ಹಳೆಯ ತೋಟಗಳಲ್ಲಿ ಕೊಳೆರೋಗದ ಜೊತೆಗೆ ಎಲೆಚುಕ್ಕಿ ರೋಗವೂ ಸೇರಿ ಇಳುವರಿ ಕುಸಿದಿದೆ. ಹೀಗಿರುವಾಗ ತೋಟದ ಮೇಲ್ಭಾಗದ ಹಸಿ ನೆಲಕ್ಕೆ ಇನ್ನೊಂದು ಅರ್ಧ ಎಕರೆ ಚಾಚಿಕೊಳ್ಳುವ ಆಸೆ ಯಾರಿಗಾದರೂ ಹುಟ್ಟೀತು.

ಆದರೆ ಲೆಕ್ಕ ಬೇರೆಯದೇ ಕಥೆ ಹೇಳುತ್ತದೆ. ಹನಿ ನೀರಾವರಿಯಲ್ಲಿ ಒಂದು ಅಡಿಕೆ ಮರಕ್ಕೆ ಬೇಸಿಗೆಯ ದಿನವೊಂದಕ್ಕೆ 16ರಿಂದ 20 ಲೀಟರ್ ನೀರು ಬೇಕು. ಎಕರೆಗೆ ಸುಮಾರು 550 ಮರಗಳೆಂದರೆ ದಿನಕ್ಕೆ 9ರಿಂದ 11 ಸಾವಿರ ಲೀಟರ್. ಮಾರ್ಚ್‌ನಿಂದ ಮೇ ತನಕ ಈ ನೀರನ್ನು ಒದಗಿಸಬೇಕಾದ ಜಾಗವನ್ನೇ ಅಗೆದು, ನೀರು ಕುಡಿಯುವ ಗಿಡಗಳನ್ನು ಅಲ್ಲಿ ನೆಟ್ಟರೆ ಕೆಳಗಿನ ತೋಟದ ಪಾಡೇನು? ಅಡಿಕೆಗೆ ನೀರು ಬೇಕು, ಆದರೆ ಬುಡದಲ್ಲಿ ನೀರು ನಿಲ್ಲಬಾರದು ಎಂಬುದು ಪ್ರತಿಯೊಬ್ಬ ಬೆಳೆಗಾರನಿಗೂ ತಿಳಿದದ್ದೇ. ಆದ್ದರಿಂದ ಜಡ್ಡಿಯಲ್ಲಿ ಸಸಿ ನೆಡುವ ಮೊದಲು ಆಳವಾದ ಬಸಿಗಾಲುವೆ ತೋಡಲೇಬೇಕು. ತೋಡಿದೊಡನೆ ಅಂತರ್ಜಲದ ಮಟ್ಟ ಇಳಿಯುತ್ತದೆ. ನೂರಾರು ವರ್ಷಗಳಿಂದ ನೀರಿನಡಿ ಕೂಡಿಕೊಂಡ ಸಾವಯವ ಅಂಶಕ್ಕೆ ಗಾಳಿ ತಾಗಿ ಕೆಲವೇ ವರ್ಷಗಳಲ್ಲಿ ಕರಗತೊಡಗುತ್ತದೆ, ಮಣ್ಣು ಕುಸಿಯುತ್ತದೆ. ಮೊದಲ ಫಸಲು ಬರುವ ಹೊತ್ತಿಗೆ ಹಳ್ಳ ಫೆಬ್ರವರಿಯಲ್ಲಿಯೇ ಬತ್ತುತ್ತದೆ. ಆಮೇಲೆ ಕೊಳವೆಬಾವಿ. ಅಡಿಕೆ ಕೃಷಿಯ ದೃಷ್ಟಿಯಿಂದ ನೋಡಿದರೂ ಮಲೆನಾಡಿನಲ್ಲಿ ತೋಟಕ್ಕೆ ಆರಿಸಬಹುದಾದ ಅತ್ಯಂತ ಕೆಟ್ಟ ನೆಲ ಇದೇ.

ಜಡ್ಡಿಗೆ ಮೇಲಿನಿಂದಲೂ ಪೆಟ್ಟು ಬೀಳುತ್ತಿದೆ. ಉತ್ತರ ಕನ್ನಡದಲ್ಲಿ ಬ್ರಿಟಿಷರ ಕಾಲದಿಂದ ಬಂದ ಸೊಪ್ಪಿನ ಬೆಟ್ಟದ ಸವಲತ್ತು ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯ ತನಕ ಇತ್ತು. ಹದವರಿತು ಸೊಪ್ಪು ಕಡಿದ ಬೆಟ್ಟಗಳು ಇಂದಿಗೂ ಕಾಡಿನಂತಿವೆ. ಹದ ತಪ್ಪಿದ ಕಡೆ ಬೋಳು ಗುಡ್ಡದ ಮಣ್ಣು ಮಳೆಯೊಂದಿಗೆ ಇಳಿದು ಜಡ್ಡಿಯ ಬೇರುಗಳನ್ನು ಹೂಳುತ್ತಿದೆ. ಉಸಿರಾಡುವ ಬೇರು ಮುಚ್ಚಿಹೋದ ಮರ ಎಷ್ಟು ದಿನ ನಿಂತೀತು?

ಕಡಿದ ಮೇಲೆ ಮರಳಿ ಬೆಳೆಸಿದರಾಯಿತು ಎಂಬ ಸಮಾಧಾನವೂ ಇಲ್ಲಿ ಸಲ್ಲದು. ಈ ಮರಗಳಲ್ಲಿ ಗಂಡು ಹೆಣ್ಣು ಬೇರೆ ಬೇರೆ. ಹತ್ತಿಪ್ಪತ್ತು ಮರಗಳಷ್ಟೇ ಉಳಿದ ಜಡ್ಡಿಯಲ್ಲಿ ನಾಲ್ಕು ಉರುಳಿದರೆ ಬೀಜ ಕಟ್ಟುವುದೇ ನಿಂತುಹೋಗಬಹುದು. ಬೀಜವಾದರೂ ದಾಸ್ತಾನಿಡುವಂಥದಲ್ಲ. ಒಣಗಿದರೆ ಜೀವ ಕಳೆದುಕೊಳ್ಳುತ್ತದೆ, ಉದುರಿದ ಕೆಲವೇ ವಾರಗಳಲ್ಲಿ ಹಸಿ ನೆಲ ಸಿಗಬೇಕು. ಅದನ್ನು ದೂರಕ್ಕೆ ಒಯ್ಯುವವು ಮಂಗಟ್ಟೆಯಂಥ ದೊಡ್ಡ ಹಕ್ಕಿಗಳು. ಪತ್ರೆಯ ಆಸೆಗೆ ಬಲಿಯದ ಕಾಯಿಗಳನ್ನೇ ಕೊಂಬೆಸಹಿತ ಕಡಿದು ಕೆಡಹುವ ರೂಢಿಯಿಂದ ಹಕ್ಕಿಗೂ ಇಲ್ಲ, ನೆಲಕ್ಕೂ ಇಲ್ಲ. ಶಿರಸಿಯ ಅರಣ್ಯ ಮಹಾವಿದ್ಯಾಲಯದವರು ಕತ್ತಲೆಕಾನಿನ ಅಪರೂಪದ ಮರದ ಸಸಿಗಳನ್ನು ಬೆಳೆಸಿ ಜಡ್ಡಿಗಳಿಗೆ ಮರಳಿಸುವ ಕೆಲಸ ಮಾಡಿದ್ದಾರೆ. ಅಭಿನಂದನೀಯ. ಆದರೆ ಸಸಿಯನ್ನು ನರ್ಸರಿಯಲ್ಲಿ ಮಾಡಬಹುದು, ಜಡ್ಡಿಯನ್ನು ಮಾಡಲಾಗದು.

ಕಾನೂನಿನ ಆಸರೆಯೇನು? 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು. 2019ರಲ್ಲಿ ಅದನ್ನೂ ಸೇರಿಸಿಕೊಂಡು 930 ಚದರ ಕಿಲೋಮೀಟರಿನ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ ರೂಪುಗೊಂಡಿತು. ಇದರಿಂದ ಕೆಲವು ಜಡ್ಡಿಗಳಿಗೆ ರಕ್ಷಣೆ ದೊರೆತದ್ದು ನಿಜ. ಹೊರಗುಳಿದವುಗಳ ಪಾಡು ವಿಚಿತ್ರ. 2017ರ ಜೌಗುಪ್ರದೇಶ ನಿಯಮಗಳು ಅರಣ್ಯ ಕಾನೂನಿನ ವ್ಯಾಪ್ತಿಯ ನೆಲಕ್ಕೆ ಅನ್ವಯಿಸುವುದಿಲ್ಲ. ಅರಣ್ಯದ ಹೊರಗಿನವುಗಳನ್ನು ಎಣಿಸುವಾಗ ದೇಶದಲ್ಲಿ ಬಳಸಿದ ಅಳತೆ 2.25 ಹೆಕ್ಟೇರ್. ಎಷ್ಟೋ ಜಡ್ಡಿಗಳು ಅದಕ್ಕಿಂತ ಚಿಕ್ಕವು. ಕಂದಾಯ ದಾಖಲೆಯಲ್ಲಿ ಜಡ್ಡಿ ಎಂಬ ಕಲಮೇ ಇಲ್ಲ. ಕಾಗದದಲ್ಲಿ ಇಲ್ಲದ್ದನ್ನು ಕಡಿದರೆ ದೂರು ಕೊಡುವುದಾದರೂ ಯಾವುದರ ಬಗ್ಗೆ?

ಶರಾವತಿ ಕಣಿವೆಯಲ್ಲಿ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವಾಟ್‌ನ ಭೂಗತ ವಿದ್ಯುತ್ ಯೋಜನೆ ರೂಪಿಸಿದಾಗ ಮಲೆನಾಡು ಎದ್ದುನಿಂತಿತು, ಎದ್ದುನಿಲ್ಲಲೇಬೇಕಿತ್ತು. ಆದರೆ ಗುದ್ದಲಿಯಿಂದ ತೋಡಿದ ಬಸಿಗಾಲುವೆಗೆ ಎದುರಾಗಿ ಮೆರವಣಿಗೆ ಹೊರಡುವುದಿಲ್ಲ. ಅದನ್ನು ತೋಡಿದವರು ಪಕ್ಕದ ಮನೆಯವರು. ಕೆಲವೊಮ್ಮೆ ಮೆರವಣಿಗೆಯಲ್ಲಿ ಮುಂದೆ ನಡೆದವರೂ ಹೌದು. ಪರಿಸರ ಚಳವಳಿಯೊಳಗೆ ಈ ಮಾತು ಬೇಗನೆ ಬರುವುದಿಲ್ಲ. ಬರಬೇಕಾಗಿದೆ.

ಪಕ್ಕದ ರಾಜ್ಯದ ಒಂದು ಉದಾಹರಣೆ ಇಲ್ಲಿ ಉಪಯುಕ್ತ. ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ಬಾಂಬರ್ಡೆಯಲ್ಲಿ ಸುಮಾರು ಎರಡೂವರೆ ಹೆಕ್ಟೇರಿನ ಜಡ್ಡಿಯೊಂದನ್ನು 2021ರಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಒಂದು ತೋಟದಷ್ಟು ನೆಲಕ್ಕೂ ಕಾನೂನಿನ ಕಾವಲು ದೊರೆಯಬಹುದು ಎಂದಾಯಿತು. ಖಾಸಗಿ ಅಥವಾ ಸಮುದಾಯದ ನೆಲವಾದರೆ ಒಡೆಯರೇ ಮುಂದೆ ಬಂದು ಸಮುದಾಯ ಮೀಸಲು ಎಂದು ಘೋಷಿಸಿಕೊಳ್ಳಲು ವನ್ಯಜೀವಿ ಕಾಯಿದೆಯಲ್ಲಿ ಅವಕಾಶವಿದೆ. 2002ರ ಜೀವವೈವಿಧ್ಯ ಕಾಯಿದೆಯಡಿ ಪಾರಂಪರಿಕ ತಾಣವೆಂದು ಗುರುತಿಸಬಹುದು.

ಅದಕ್ಕೂ ಮೊದಲು ಆಗಬೇಕಾದ ಕೆಲಸ ಊರಿನಲ್ಲಿಯೇ ಇದೆ. ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಯೂ ಅದರ ದಾಖಲಾತಿಯೂ ಇರಬೇಕೆಂದು ಕಾನೂನು ಹೇಳುತ್ತದೆ. ಬಹಳಷ್ಟು ಕಡೆ ಆ ದಾಖಲಾತಿ ಕಪಾಟಿನಲ್ಲಿದೆ, ಒಳಗಿನ ಹಾಳೆಗಳು ಪಕ್ಕದ ಊರಿನ ನಕಲು. ಅದನ್ನು ಈ ಬೇಸಿಗೆಯಲ್ಲಿ ಹೊರತೆಗೆಯಬಹುದು. ಊರಿನ ಜಡ್ಡಿ ಯಾವ ಸರ್ವೆ ನಂಬರಿನಲ್ಲಿದೆ, ಎಷ್ಟು ಗುಂಟೆ ಉಳಿದಿದೆ, ರಾಮಪತ್ರೆಯ ಮರಗಳು ಎಷ್ಟು, ಕಾಯಿ ಬಿಡುವವು ಎಷ್ಟು, ಕೆಳಗಿನ ಹಳ್ಳ ಯಾವ ತಿಂಗಳಲ್ಲಿ ನಿಲ್ಲುತ್ತದೆ, ಆ ನೀರನ್ನು ನೆಚ್ಚಿದ ಮನೆಗಳು ಯಾವುವು ಎಂಬಿಷ್ಟನ್ನು ಬರೆದು ಗ್ರಾಮಸಭೆಯಲ್ಲಿ ಓದಿ ಹೇಳಬೇಕು. ಆ ಮನೆಗಳ ಪಟ್ಟಿಯನ್ನು ಓದುವಾಗ ಬಸಿಗಾಲುವೆ ತೋಡಿದವನ ಮನೆಯ ಹೆಸರೂ ಅದರಲ್ಲಿರುತ್ತದೆ.