ರಜೆಯ ಪ್ರವಾಸದಲ್ಲಿ ಬೆಂಚು ಕಾಯುವವರು

ವಾರ್ಷಿಕ ಪರೀಕ್ಷೆಗಳು ಮುಗಿದು ಮಕ್ಕಳ ಪುಸ್ತಕದ ಚೀಲಗಳು ಮೂಲೆ ಸೇರಿದೊಡನೆ ಪ್ರತಿ ಮನೆಯಲ್ಲಿಯೂ ಒಂದು ಚರ್ಚೆ ಆರಂಭವಾಗುತ್ತದೆ. ಹಿಂದೆ ಅದು ಅಜ್ಜಿಯ ಊರೋ ಸೋದರಮಾವನ ಊರೋ ಎಂಬಲ್ಲಿಗೆ ಮುಗಿಯುತ್ತಿತ್ತು. ಈಗಿನ ಮಕ್ಕಳಿಗೆ ಬಿಡದಿಯ ವಂಡರ್‌ಲಾ, ಮೈಸೂರಿನ ಜಿ.ಆರ್.ಎಸ್. ಫ್ಯಾಂಟಸಿ ಪಾರ್ಕ್, ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿ, ಮುಂಬಯಿ-ಪುಣೆ ನಡುವಿನ ಖೊಪೋಲಿಯ ಇಮ್ಯಾಜಿಕಾ ಎಲ್ಲವೂ ಬಾಯಿಪಾಠ. ಮಕ್ಕಳು ಯಂತ್ರಗಳ ಎತ್ತರವನ್ನು ನೋಡಿ ಆಯ್ಕೆ ಮಾಡುತ್ತಾರೆ, ತಂದೆಯಾದವನು ಟಿಕೆಟ್ಟಿನ ದರವನ್ನು ನೋಡಿ ಆಯ್ಕೆ ಮಾಡುತ್ತಾನೆ. ಮನೆಯ ಹಿರಿಯ ಜೀವವನ್ನು ಮಾತ್ರ ಯಾರೂ ಕೇಳುವುದಿಲ್ಲ. ಎಲ್ಲವೂ ಗೊತ್ತಾದ ಮೇಲೆ “ಅವ್ವಾ, ನೀನೂ ಬಾ” ಎಂದು ಕರೆಯುತ್ತಾರೆ, ಆ ತಾಯಿಯೂ ಸಂತೋಷದಿಂದಲೇ ಹೊರಡುತ್ತಾಳೆ. ಹೋಗಿ ಅಲ್ಲಿ ಮಾಡುವುದೇನು? ಬೆಳಿಗ್ಗೆ ಬಾಗಿಲು ತೆರೆದಾಗಿನಿಂದ ಸಂಜೆಯವರೆಗೆ ಒಂದು ಬೆಂಚಿನ ಮೇಲೆ ಕುಳಿತು ಎಲ್ಲರ ಚೀಲ, ಚಪ್ಪಲಿ, ಕನ್ನಡಕ, ಮೊಬೈಲುಗಳನ್ನು ಕಾಯುವುದು. ಅನೇಕ ಮನೆಗಳಲ್ಲಿ ಸೊಸೆಯ ಪಾಡೂ ಇದಕ್ಕಿಂತ ಬೇರೆಯಲ್ಲ.

ಇದರಲ್ಲೊಂದು ವಿಚಿತ್ರವಿದೆ. ಇಂಥ ವಿಹಾರತಾಣಗಳ ಕಲ್ಪನೆ ಹುಟ್ಟಿದ್ದೇ ಒಂದು ಬೆಂಚಿನ ಮೇಲೆ. ಅಮೆರಿಕದ ಚಿತ್ರ ತಯಾರಕ ವಾಲ್ಟ್ ಡಿಸ್ನಿಯವರು ಲಾಸ್ ಏಂಜಲಿಸ್ ನಗರದ ಗ್ರಿಫಿತ್ ಪಾರ್ಕಿಗೆ ತಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಕರೆದೊಯ್ಯುತ್ತಿದ್ದರು. ಮಕ್ಕಳು ಮರದ ಕುದುರೆಗಳ ಮೇಲೆ ಸುತ್ತುತ್ತಿದ್ದರೆ ತಂದೆ ಬೆಂಚಿನ ಮೇಲೆ ಕುಳಿತು ನೋಡುತ್ತಿದ್ದರು. ಹೆತ್ತವರೂ ಮಕ್ಕಳೂ ಕೂಡಿ ಆನಂದಿಸುವ ಒಂದು ಜಾಗ ಏಕಿರಬಾರದು ಎಂಬ ವಿಚಾರ ತಮಗೆ ಬಂದದ್ದು ಆಗಲೇ ಎಂದು ಅವರು ಮುಂದೆ ಹೇಳಿಕೊಂಡರು. 1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದ ಅನಾಹೈಮಿನಲ್ಲಿ ತೆರೆದ ಡಿಸ್ನಿಲ್ಯಾಂಡ್ ಆ ವಿಚಾರದ ಫಲ. ಬೆಂಚಿನ ಮೇಲೆ ಕುಳಿತವರನ್ನು ಎಬ್ಬಿಸುವುದಕ್ಕಾಗಿ ಹುಟ್ಟಿದ ಕಲ್ಪನೆ ಅದು. ನಮ್ಮ ಕುಟುಂಬಗಳು ಅಲ್ಲಿಯೂ ಯಾರಾದರೊಬ್ಬರನ್ನು ಬೆಂಚಿನ ಮೇಲೆ ಕೂರಿಸಿಯೇ ಬರುತ್ತಿವೆ!

ಆದುದರಿಂದ ಯಾವ ಪಾರ್ಕ್ ದೊಡ್ಡದು, ಎಲ್ಲಿ ಯಂತ್ರಗಳು ಹೆಚ್ಚು ಎಂದು ಕೇಳುವ ಮೊದಲು, ಅಲ್ಲಿ ನಮ್ಮ ಮನೆಯವರಲ್ಲಿ ಯಾರು ದಿನವಿಡೀ ಕುಳಿತಿರಬೇಕಾಗುತ್ತದೆ ಎಂದು ಕೇಳಿಕೊಳ್ಳುವುದು ಮೇಲು. ಹೀಗೆ ಕೇಳಿದರೆ ಹಣದ ಲೆಕ್ಕವೂ ಬೇರೆಯಾಗಿ ಕಾಣುತ್ತದೆ. ನಮ್ಮ ಜಾತ್ರೆಗಳಲ್ಲಿ ಒಳಗೆ ಬರಲು ಕಾಸು ಕೊಡಬೇಕಾಗಿಲ್ಲ. ತೊಟ್ಟಿಲು ಹತ್ತಿದವನು ತೊಟ್ಟಿಲಿಗೆ ಕೊಡುತ್ತಾನೆ, ಹತ್ತದ ಅಜ್ಜಿ ಬೆಂಡು-ಬತ್ತಾಸು ಕೊಂಡು, ಗದ್ದುಗೆಯ ದರ್ಶನ ಮಾಡಿ, ದಾಸೋಹದಲ್ಲಿ ಪ್ರಸಾದ ಸ್ವೀಕರಿಸಿ ಬರುತ್ತಾಳೆ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗಾಗಲಿ ಸುತ್ತೂರಿನ ಜಾತ್ರೆಗಾಗಲಿ ಹೋಗಿ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಡಿಸ್ನಿಲ್ಯಾಂಡಿನಲ್ಲಿಯೂ ಮೊದಲು ಒಂದೊಂದು ಆಟಕ್ಕೆ ಒಂದೊಂದು ಚೀಟಿಯ ಪದ್ಧತಿಯಿತ್ತು, ಅದು ನಿಂತದ್ದು 1982ರಲ್ಲಿ. ಈಗ ಇಂಥ ತಾಣಗಳಲ್ಲಿ ಸಾಮಾನ್ಯವಾಗಿ ಬಾಗಿಲಿನಲ್ಲಿಯೇ ಇಡೀ ದಿನಕ್ಕೆ ಒಂದೇ ಟಿಕೆಟ್ಟು. ದಿನಕ್ಕೆ ಇಪ್ಪತ್ತು ಸಲ ಆಡುವ ತರುಣನಿಗೆ ಇದು ಲಾಭ. ಒಂದನ್ನೂ ಆಡದ ಅಜ್ಜಿಗೆ, ಹಿರಿಯರಿಗೆ ಇರುವ ರಿಯಾಯಿತಿಯನ್ನು ಕಳೆದರೂ, ಬೆಂಚಿನ ಬಾಡಿಗೆಯಷ್ಟೇ. ಎಂಟು ಜನರ ಸಂಸಾರದಲ್ಲಿ ಮೂವರು ಕುಳಿತೇ ಇರುವವರಾದರೆ ಆ ಮೂರು ಟಿಕೆಟ್ಟಿನ ಹಣದಲ್ಲಿ ಎಲ್ಲರೂ ಕೂಡಿ ಮತ್ತೊಂದು ಊರನ್ನು ನೋಡಿ ಬರಬಹುದು.

ಬಿಡದಿಯ ಉದಾಹರಣೆಯನ್ನೇ ನೋಡೋಣ. ಬೆಂಗಳೂರು-ಮೈಸೂರು ರಸ್ತೆಯ ಬಳಿ 2005ರಲ್ಲಿ ಆರಂಭವಾದ ವಂಡರ್‌ಲಾ ನಮ್ಮ ನಾಡಿನಲ್ಲಿ ಬಹಳ ಹೆಸರಾದ ತಾಣ. ಅಲ್ಲಿ ಮಕ್ಕಳ ಟಿಕೆಟ್ಟು ವಯಸ್ಸಿನಿಂದಲ್ಲ, ಎತ್ತರದಿಂದ. 140 ಸೆಂಟಿಮೀಟರ್, ಎಂದರೆ ಸುಮಾರು ನಾಲ್ಕು ಅಡಿ ಏಳು ಅಂಗುಲ, ದಾಟಿದರೆ ದೊಡ್ಡವರ ಲೆಕ್ಕ. ಭಾರಿ ವೇಗದ ಅನೇಕ ಆಟಗಳಿಗೂ ಅದೇ ಎತ್ತರದ ನಿಯಮ. ಹತ್ತು ವರ್ಷದೊಳಗಿನ ಬಹುಪಾಲು ಮಕ್ಕಳು ಈ ಎತ್ತರವನ್ನು ಮುಟ್ಟಿರುವುದಿಲ್ಲ. ಆದುದರಿಂದ ಹೊರಡುವ ವಾರ ಮೊದಲೇ ಮಕ್ಕಳನ್ನು ಗೋಡೆಗೆ ನಿಲ್ಲಿಸಿ ಅಳೆಯಿರಿ; ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ಮನೆಯಲ್ಲಿಯೇ ಹೇಳಿಬಿಡಿ. ಒಂದು ಗಂಟೆ ಸಾಲಿನಲ್ಲಿ ನಿಂತು, ಅಳತೆಯ ಕೋಲಿನ ಮುಂದೆ ಎರಡು ಅಂಗುಲ ಕಡಿಮೆಯಾಗಿ ಹಿಂತಿರುಗುವ ಮಗುವಿನ ಅಳು ಇಡೀ ದಿನವನ್ನು ಕೆಡಿಸುತ್ತದೆ. ಅಲ್ಲಿನ ಸಿಬ್ಬಂದಿಯೊಡನೆ ವಾದಿಸಿ ಮಗುವನ್ನು ಒಳಗೆ ಕಳಿಸಲು ಯತ್ನಿಸುವ ತಂದೆಯರೂ ಇದ್ದಾರೆ. ಆಸನದ ಹಿಡಿಕೆ ಆ ಎತ್ತರದ ದೇಹಕ್ಕೆಂದೇ ಮಾಡಿದುದು. ಗಿಡ್ಡ ಮಗು ಅದರಡಿಯಿಂದ ಜಾರಬಲ್ಲದು. ರಕ್ತದೊತ್ತಡ, ಹೃದ್ರೋಗ, ಬೆನ್ನುನೋವು ಇದ್ದವರಿಗೂ ಗರ್ಭಿಣಿಯರಿಗೂ ಬರೆದು ಹಾಕಿರುವ ಎಚ್ಚರಿಕೆಯೂ ಇಷ್ಟೇ ಮುಖ್ಯ.

ನೀರಿನ ಆಟಗಳಲ್ಲಿ ಉಡುಪಿನ ನಿಯಮವುಂಟು. ಹತ್ತಿಯ ಬಟ್ಟೆ, ಸೀರೆ, ಪಂಚೆಗಳಿಗೆ ಕೊಳದಲ್ಲಿ ಅವಕಾಶವಿಲ್ಲ; ನೈಲಾನಿನಂಥ ಬಟ್ಟೆಯನ್ನೇ ತೊಡಬೇಕು. ಹತ್ತಿ ನೀರು ಕುಡಿದು ಭಾರವಾಗುತ್ತದೆ, ಅದರ ಎಳೆಗಳು ಶೋಧಕ ಯಂತ್ರಕ್ಕೆ ಸಿಲುಕುತ್ತವೆ, ಸಡಿಲವಾದ ಸೆರಗು ಜಾರುಬಂಡೆಯಲ್ಲಿ ಅಪಾಯಕಾರಿ. ನಿಯಮ ನ್ಯಾಯವಾದುದೇ. ಆದರೆ ನಮ್ಮ ತಾಯಂದಿರಲ್ಲಿ ಎಷ್ಟು ಜನ ಆ ಉಡುಪು ತೊಟ್ಟು ಹೊರಬರಲು ಒಪ್ಪುತ್ತಾರೆ? ಒಪ್ಪುವವರು ಸಂತೋಷವಾಗಿ ಆಡಲಿ, ಅದರಲ್ಲಿ ತಪ್ಪೆಣಿಸುವವನು ನಾನಲ್ಲ. ಒಪ್ಪದವರಿಗೆ ಅರ್ಧ ಪಾರ್ಕ್ ಮುಚ್ಚಿದಂತೆಯೇ. ಈ ಮಾತನ್ನು ಟಿಕೆಟ್ಟು ಕೊಳ್ಳುವ ಮೊದಲು ಅವರನ್ನೇ ಕೇಳಬೇಕು.

ನಮ್ಮ ಮನೆಗಳಿಗೇ ವಿಶೇಷವಾದ ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ವೇಗದ ಆಟಗಳಿಗೆ ಹತ್ತುವ ಮುನ್ನ ಕೊರಳ ಸರ, ಕನ್ನಡಕ, ಮೊಬೈಲು ಮುಂತಾಗಿ ಸಡಿಲವಾದುದನ್ನೆಲ್ಲ ತೆಗೆದಿಡಲು ಹೇಳುತ್ತಾರೆ. ಶಿವದಾರದಲ್ಲಿ ಇಳಿಬಿದ್ದ ಬೆಳ್ಳಿಯ ಕರಡಿಗೆ ಅವರ ಕಣ್ಣಿಗೆ ಒಂದು ಸರವಷ್ಟೆ. ದೀಕ್ಷೆ ಪಡೆದ ತರುಣನೊಬ್ಬ ಗೆಳೆಯರ ಮುಂದೆ ಮುಜುಗರಪಟ್ಟು ಅದನ್ನು ತೆಗೆದು ಲಾಕರಿನಲ್ಲಿಟ್ಟು ಬಿಡುತ್ತಾನೆ. ಸಾಯಂಕಾಲ ಅಜ್ಜಿಗೆ ತಿಳಿದಾಗ ಮನೆಯಲ್ಲಿ ಮೌನ. ಇಷ್ಟಲಿಂಗ ಅಂಗದಿಂದ ಅಗಲಬಾರದೆಂಬುದು ನಮ್ಮ ಆಚಾರದ ಬುನಾದಿ. ಲಾಕರಿನಲ್ಲಿ ಚಪ್ಪಲಿ ಚೀಲಗಳ ಜೊತೆಗೆ ಅದನ್ನಿಡುವುದು ನನಗಂತೂ ಸರಿಕಾಣುವುದಿಲ್ಲ. ಹಾಗೆಂದು ಮಗನನ್ನು ಪ್ರವಾಸಕ್ಕೇ ಕಳಿಸದಿರುವುದೂ ಸರಿಯಲ್ಲ. ಪ್ರವಾಸದ ದಿನಗಳಲ್ಲಿ ಕರಡಿಗೆಯನ್ನು ಬಿಟ್ಟು ಲಿಂಗವಸ್ತ್ರದಲ್ಲಿ ಸುತ್ತಿ, ಉಡುಪಿನೊಳಗೆ ಎದೆಗೆ ಅಥವಾ ತೋಳಿಗೆ ಬಿಗಿಯಾಗಿ ಕಟ್ಟಿಕೊಳ್ಳುವುದುಂಟು. ಕ್ಲೋರಿನ್ ಬೆರೆತ ನೀರು ಬೆಳ್ಳಿಯನ್ನು ಕಪ್ಪಾಗಿಸುವುದರಿಂದಲೂ ಇದೇ ಅನುಕೂಲ. ದಿನದ ಹೆಚ್ಚಿನ ಸಾಮಾನ್ಯ ಆಟಗಳಿಗೆ ಇಷ್ಟು ಸಾಕಾಗುತ್ತದೆ. ತಲೆಕೆಳಗು ಮಾಡುವ, ಮೇಲಿಂದ ಬೀಳಿಸುವ ಯಂತ್ರಗಳಲ್ಲಿ ಸಿಬ್ಬಂದಿ ಅದನ್ನೂ ಬೇಡವೆಂದರೆ ಜಗಳವಾಡದೆ ಆ ಆಟವನ್ನು ಬಿಡುವುದು. ಅವರ ನಿಯಮ ಜೀವರಕ್ಷಣೆಯದು, ನಮ್ಮ ನಿಯಮ ವ್ರತದ್ದು; ಎರಡೂ ಉಳಿಯಬೇಕಾದರೆ ಒಂದು ಆಟ ಹೋದರೆ ಹೋಗಲಿ. ಈ ನಿರ್ಧಾರವನ್ನು ಮಗನೊಡನೆ ಮನೆಯಲ್ಲಿಯೇ ಕೂತು ಮಾಡಬೇಕು. ಸಾಲಿನ ತುದಿಯಲ್ಲಿ, ಹಿಂದಿನವರು ನೂಕುತ್ತಿರುವಾಗ, ಹದಿನಾರು ವರ್ಷದ ಹುಡುಗ ಒಬ್ಬನೇ ಮಾಡಬೇಕಾದ ನಿರ್ಧಾರ ಅದಲ್ಲ. ಸಂದೇಹವಿದ್ದವರು ತಮ್ಮ ಮಠದ ಗುರುಗಳನ್ನು ಕೇಳಿ ತಿಳಿದುಕೊಳ್ಳಬಹುದು. ಬೆಳಗಿನ ಲಿಂಗಪೂಜೆಗೆ ಮಾತ್ರ ಯಾವ ತೊಡಕೂ ಇಲ್ಲ. ಇಂಥ ತಾಣಗಳ ಬಾಗಿಲು ತೆರೆಯುವುದೇ ಹೊತ್ತೇರಿದ ಮೇಲೆ.

ಇಷ್ಟೆಲ್ಲ ವಿಚಾರಿಸಿದ ಮೇಲೂ ಬಿಡದಿಗೇ ಹೋಗಬೇಕೆಂದು ಗೊತ್ತಾದರೆ, ಮನೆಯವರೆಲ್ಲ ಒಂದೇ ಬಾಗಿಲಿನಿಂದ ಒಳಹೋಗಬೇಕೆಂಬ ನಿಯಮವೇನೂ ಇಲ್ಲ. ಅದೇ ರಸ್ತೆಯಲ್ಲಿ ಮುಂದೆ, ರಾಮನಗರದ ಬಳಿ, ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ, 1994ರಲ್ಲಿ ಆರಂಭವಾದುದು. ಅಲ್ಲಿನ ಲೋಕಮಾತಾ ಮಂದಿರದಲ್ಲಿ ಅಡುಗೆಮನೆಯ ಹಳೆಯ ಪರಿಕರಗಳು, ಲೋಕಮಹಲಿನಲ್ಲಿ ಬೇಸಾಯದ ಸಾಧನಗಳು, ಬೊಂಬೆಗಳು. ತರುಣರು ಒಂದು ದಿನ ಯಂತ್ರಗಳ ಮೇಲೆ ತಿರುಗಲಿ, ಹಿರಿಯರು ಸಣ್ಣ ಮಕ್ಕಳೊಡನೆ ಜಾನಪದ ಲೋಕದಲ್ಲಿ ಮರದ ನೆರಳಿನಲ್ಲಿ ಅಡ್ಡಾಡಲಿ. ಅಲ್ಲಿ ಅಜ್ಜಿಗೆ ಮಾತನಾಡಲು ಬೇಕಾದಷ್ಟಿದೆ.

ಉತ್ತರದ ಜಿಲ್ಲೆಗಳವರು ಬೆಂಗಳೂರಿನವರೆಗೆ ಬರಲೇಬೇಕಾಗಿಲ್ಲ. ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ, ಹುಬ್ಬಳ್ಳಿ-ಹಾವೇರಿ ಹೆದ್ದಾರಿಯ ಪಕ್ಕದಲ್ಲಿಯೇ, ಉತ್ಸವ ರಾಕ್ ಗಾರ್ಡನ್ ಇದೆ. 2020ರಲ್ಲಿ ನಮ್ಮನ್ನಗಲಿದ ಕಲಾವಿದ ಟಿ.ಬಿ. ಸೊಲಬಕ್ಕನವರ ಜೀವಮಾನದ ಕೆಲಸವದು. ಉಳುವ ರೈತ, ತುಂಬಿದ ಮನೆ, ಸಂತೆ, ದನಕರುಗಳು, ಕಸುಬುದಾರರು ಎಲ್ಲವೂ ಆಳೆತ್ತರದ ಬಣ್ಣದ ಶಿಲ್ಪಗಳಾಗಿ ನಿಂತಿವೆ. ಥೀಮ್ ಎಂಬ ಮಾತಿಗೆ ತಕ್ಕ ತಾಣ ಇದೆಂದು ನನ್ನ ಭಾವನೆ. ಇದರ ಥೀಮ್ ನಾವು ಮೊನ್ನೆ ಮೊನ್ನೆಯವರೆಗೆ ಬದುಕಿದ್ದ ಊರು. ಇಲ್ಲಿ ಬೆಂಚಿನ ಮೇಲೆ ಕೂರುವವರು ಮೊಮ್ಮಕ್ಕಳು. ಕೂರಿಗೆಗೆ ಎಷ್ಟು ತಾಳು, ಕುಂಟೆ ಯಾವಾಗ, ರಂಟೆ ಯಾವಾಗ, ಬೀಸುವಾಗ ಇಬ್ಬರು ಹೆಂಗಸರು ಎದುರುಬದುರು ಏಕೆ ಕೂರುತ್ತಿದ್ದರು ಎಂಬುದನ್ನು ಹೇಳಬಲ್ಲವರು ಅಜ್ಜ ಅಜ್ಜಿಯರು ಮಾತ್ರ. ಯಾವ ಮಾರ್ಗದರ್ಶಿಯೂ ಬೇಡ.

ಮಕ್ಕಳಿಗೆ ಒಂದು ಆಟವನ್ನೂ ಹೂಡಬಹುದು. ದೋಣಿ ನಡೆಸಿದ ಅಂಬಿಗರ ಚೌಡಯ್ಯ, ಹಗ್ಗ ಹೊಸೆದ ನುಲಿಯ ಚಂದಯ್ಯ, ಬಿದಿರು ಹೆಣೆದ ಮೇದಾರ ಕೇತಯ್ಯ, ಬಟ್ಟೆ ಮಡಿ ಮಾಡಿದ ಮಾಚಿದೇವ, ಮಡಕೆ ಮಾಡಿದ ಕುಂಬಾರ ಗುಂಡಯ್ಯ: ಇವರ ಕಾಯಕಗಳನ್ನು ಮನೆಯಲ್ಲಿ ಹೇಳಿಕೊಟ್ಟು, ಅಲ್ಲಿ ಯಾರ ಯಾರ ಕಾಯಕ ಕಾಣಸಿಗುತ್ತದೆ ಎಂದು ಹುಡುಕಲು ಬಿಡಿ. ಒಂದು ಎಚ್ಚರ ಮಾತ್ರ ಬೇಕು. ಹಳೆಯ ಊರು ಚೆಂದವಾಗಿತ್ತೆಂದು ಬಣ್ಣಿಸುವಾಗ ಆ ಊರಿನಲ್ಲಿ ಕೆಲವರನ್ನು ಹೊರಗಿಟ್ಟಿದ್ದೆವೆಂಬುದನ್ನು ಮುಚ್ಚಿಡಬಾರದು. ಶರಣರು ಕಾಯಕಕ್ಕೆ ಗೌರವ ತಂದದ್ದೇ ಆ ಮೇಲು ಕೀಳನ್ನು ಒಪ್ಪದೆ. ಮೊಮ್ಮಗ ಕೇಳಿದರೆ ಅಜ್ಜ ನಿಜವನ್ನೇ ಹೇಳಲಿ.

ಗಡಿಯಾಚೆ ಕೊಲ್ಲಾಪುರದ ಬಳಿಯ ಕಣೇರಿ ಮಠದಲ್ಲಿರುವ ಸಿದ್ಧಗಿರಿ ಗ್ರಾಮಜೀವನ ವಸ್ತುಸಂಗ್ರಹಾಲಯವೂ ಇದೇ ಬಗೆಯದು. ಬೆಳಗಾವಿ, ಚಿಕ್ಕೋಡಿ, ನಿಪ್ಪಾಣಿಯ ಕಡೆಯವರಿಗೆ ಹತ್ತಿರ. ಬಾಗಲಕೋಟೆ ವಿಜಯಪುರದವರಿಗೆ ಆಲಮಟ್ಟಿಯ ಉದ್ಯಾನಗಳೂ ಸಂಗೀತ ಕಾರಂಜಿಯೂ ಇವೆ. ಅಲ್ಲಿಂದ ಕೂಡಲಸಂಗಮ ದೂರವಿಲ್ಲ. ಬೆಳಿಗ್ಗೆ ಐಕ್ಯಮಂಟಪದ ದರ್ಶನ, ಸಂಜೆ ಮಕ್ಕಳಿಗೆ ಕಾರಂಜಿ, ನಡುವೆ ಪ್ರಸಾದ ಎಂದು ಒಂದು ದಿನವನ್ನು ಸುಖವಾಗಿ ಹೊಂದಿಸಬಹುದು.

ಬೀದರ, ಕಲಬುರಗಿಯ ಮಕ್ಕಳು 1996ರಿಂದ ಇರುವ ರಾಮೋಜಿ ಫಿಲ್ಮ್ ಸಿಟಿಗೇ ಆಸೆಪಡುವುದು ಸಹಜ. ಅಲ್ಲಿ ನೋಡುವುದು ಹೆಚ್ಚು, ಏರಿಳಿಯುವ ಯಂತ್ರಗಳು ಕಡಿಮೆ; ತಾಣದ ಬಸ್ಸಿನಲ್ಲಿಯೇ ಬಹಳಷ್ಟನ್ನು ಸುತ್ತಿಸುವುದರಿಂದ ಮೊಣಕಾಲು ನೋವಿನವರಿಗೂ ಸಾಧ್ಯ. ಕಲಬುರಗಿಯವರು ಹೋಗುವಾಗಲೋ ಬರುವಾಗಲೋ ಸ್ವಲ್ಪ ಸುತ್ತಾದರೂ ಬಸವಕಲ್ಯಾಣವನ್ನು ಸೇರಿಸಿಕೊಳ್ಳಲಿ. 2012ರಲ್ಲಿ ಅನಾವರಣಗೊಂಡ 108 ಅಡಿ ಎತ್ತರದ ಬಸವಣ್ಣನವರ ಪ್ರತಿಮೆಯ ಮುಂದೆ ಯಾವ ಮಗುವೂ ಬೇಸರಪಟ್ಟುಕೊಳ್ಳುವುದಿಲ್ಲ. ನೂತನ ಅನುಭವ ಮಂಟಪಕ್ಕೆ ಶಂಕುಸ್ಥಾಪನೆಯಾದದ್ದು 2021ರ ಜನವರಿ 6ರಂದು. 770 ಅಮರಗಣಂಗಳ ನೆನಪಿಗೆ 770 ಕಂಬಗಳೆಂಬುದು ಅದರ ಯೋಜನೆ. ಮಕ್ಕಳಿಗೆ ಲೆಕ್ಕದ ವಿಷಯಗಳು ಬೇಗ ಹಿಡಿಸುತ್ತವೆ.

ಇನ್ನು ಮುಂಬಯಿಯ ಬಂಧುಗಳ ಮನೆಗೆ ಹೋಗುವವರಿಗೊಂದು ಮಾತು. ದೊಡ್ಡವರ ನೆನಪಿನಲ್ಲಿ ಎಸ್ಸೆಲ್ ವರ್ಲ್ಡ್ ಇನ್ನೂ ಇದೆ. ದೂರದರ್ಶನದ ಜಾಹೀರಾತಿನಲ್ಲಿ ನೋಡಿದ ನೆನಪದು. 1989ರಲ್ಲಿ ಆರಂಭವಾದ ಆ ತಾಣ 2022ರಲ್ಲಿಯೇ ಮುಚ್ಚಿತು. ಇಂಥ ಸ್ಥಳಗಳಿಗೆ ಹೊರಡುವ ಮೊದಲು ಅಂದು ತೆರೆದಿರುತ್ತದೆಯೇ, ಯಾವ ಆಟಗಳು ದುರಸ್ತಿಯಲ್ಲಿವೆ, ಆಡದ ಹಿರಿಯರಿಗೆ ರಿಯಾಯಿತಿ ಉಂಟೇ ಎಂದು ದೂರವಾಣಿಯಲ್ಲಿಯೇ ಕೇಳಿಬಿಡುವುದು ಒಳ್ಳೆಯದು. ಹೊರಗಿನ ಬುತ್ತಿಯನ್ನು ಒಳಗೆ ಬಿಡದ ಕಡೆ ಸಸ್ಯಾಹಾರದ ಅಡುಗೆ ಬೇರೆಯಾಗಿ ನಡೆಯುತ್ತದೆಯೇ ಎಂಬುದನ್ನೂ ಅದೇ ಕರೆಯಲ್ಲಿ ವಿಚಾರಿಸಿ. ಸಕ್ಕರೆ ಕಾಯಿಲೆಯವರ ಮಾತ್ರೆ, ಇನ್ಸುಲಿನ್ ಮತ್ತು ಕೂಸುಗಳ ಆಹಾರದ ವಿಷಯವನ್ನು ಬಾಗಿಲಿನಲ್ಲಿ ಹೇಳುವುದಕ್ಕಿಂತ ಮುಂಚಿತವಾಗಿ ತಿಳಿಸಿರುವುದು ಅನುಕೂಲ. ರೊಟ್ಟಿ, ಶೇಂಗಾ ಚಟ್ನಿಯ ಗಂಟನ್ನು ವಾಹನದಲ್ಲಿಟ್ಟುಕೊಂಡರೆ ಹಿಂತಿರುಗುವ ದಾರಿಯಲ್ಲಿ ಯಾವುದಾದರೂ ಮರದಡಿ ಬಿಚ್ಚಬಹುದು.