ಬೇಡ ಅಂದರೆ ಹಟವೇ ಇರಬೇಕಿಲ್ಲ

ಚಳಿಗಾಲ ಬಂತೆಂದರೆ ಮೊಮ್ಮಗಳಿಗೆ ಕಿತ್ತಳೆ ತಿನ್ನಿಸುವುದು ನನ್ನ ಕೆಲಸವಾಗಿತ್ತು. ಸಿಪ್ಪೆ ಸುಲಿದು, ನಾರು ತೆಗೆದು, ಬೀಜ ಬಿಡಿಸಿ ತೊಳೆಗಳನ್ನು ಅವಳ ಕೈಗಿಡುತ್ತಿದ್ದೆ. ಎರಡು ತೊಳೆ ತಿನ್ನುವಷ್ಟರಲ್ಲಿ ಅವಳು, "ಸಾಕು ತಾತ, ನಾಲಿಗೆ ಕಡೀತಿದೆ" ಅನ್ನುತ್ತಿದ್ದಳು. "ಹುಳಿ ಅಂದ್ರೆ ಹಾಗೇ ಕಣಮ್ಮ, ತಿನ್ನು" ಎಂದು ಇನ್ನೊಂದು ತೊಳೆ ಕೊಡುತ್ತಿದ್ದೆ. ಒಂದು ಭಾನುವಾರ ಹೀಗೆ ಒತ್ತಾಯಿಸಿ ತಿನ್ನಿಸಿದ ಹತ್ತು ನಿಮಿಷಕ್ಕೆ ಅವಳ ತುಟಿ ಊದಿತು, ಕತ್ತಿನ ಮೇಲೆ ಪಿತ್ತಗಂಧೆ ಎದ್ದಿತು. ಉಸಿರಿಗೆ ತೊಂದರೆಯಾಗಲಿಲ್ಲ, ಅದು ನಮ್ಮ ಪುಣ್ಯ. ಅಂದೇ ಡಾಕ್ಟರ ಬಳಿಗೆ ಓಡಿದೆವು.

ಅಲರ್ಜಿ ಎಂದರೇನು? ಮಕ್ಕಳೇ, ನಮ್ಮ ದೇಹದಲ್ಲಿ ರೋಗಾಣುಗಳ ವಿರುದ್ಧ ಹೋರಾಡುವ ಕಾವಲುಗಾರರಿದ್ದಾರೆ. ಕೆಲವರಲ್ಲಿ ಈ ಕಾವಲುಗಾರರು ಹಣ್ಣಿನ ಪ್ರೋಟೀನನ್ನೇ ಕಳ್ಳನೆಂದು ತಪ್ಪು ತಿಳಿದು ಗಲಾಟೆ ಎಬ್ಬಿಸುತ್ತಾರೆ. ಆಗ ಹಿಸ್ಟಮೀನ್ ಎಂಬ ವಸ್ತು ಬಿಡುಗಡೆಯಾಗಿ ತುರಿಕೆ, ಊತ, ಗಂಧೆ ಕಾಣಿಸುತ್ತವೆ. ಇಲ್ಲಿ ತಪ್ಪು ಹುಳಿಯದ್ದಲ್ಲ, ಪ್ರೋಟೀನಿನದ್ದು. ನಾನು ಎಡವಿದ್ದು ಇಲ್ಲೇ.

ಹಾಗೆಂದು ಎಲ್ಲ ಕೆಂಪೂ ಅಲರ್ಜಿಯಲ್ಲ. ಹುಳಿರಸ ತಾಗಿ ಪುಟ್ಟ ಮಕ್ಕಳ ಬಾಯಿಯ ಸುತ್ತ ಕೆಂಪಾಗುವುದು ಬರೀ ಉರಿ. ನಿಂಬೆರಸ ಮೆತ್ತಿದ ಕೈಯನ್ನು ಬಿಸಿಲಿಗೊಡ್ಡಿದರೆ ಒಂದೆರಡು ದಿನದಲ್ಲಿ ಗುಳ್ಳೆ ಎದ್ದು, ಆಮೇಲೆ ಕಪ್ಪು ಕಲೆ ಉಳಿಯಬಹುದು. ರಸದಲ್ಲಿರುವ ಕೆಲವು ರಾಸಾಯನಿಕಗಳೂ ಬಿಸಿಲೂ ಸೇರಿ ಮಾಡುವ ಸುಟ್ಟಗಾಯ ಅದು. ಸಿಪ್ಪೆಯ ಎಣ್ಣೆಯಿಂದ ಕೆಲವರ ಚರ್ಮಕ್ಕೆ ಅಲರ್ಜಿಯಾಗುವುದುಂಟು, ಅದಕ್ಕೆ ಬೆನ್ನಿಗೆ ಪಟ್ಟಿ ಅಂಟಿಸಿ ನೋಡುವ ಬೇರೆ ಪರೀಕ್ಷೆಯಿದೆ.

ಡಾಕ್ಟರು ಮೊದಲು ಕೇಳಿದ್ದು ನಾಲ್ಕು ಪ್ರಶ್ನೆ: ಏನು ತಿಂದಳು, ಎಷ್ಟು ತಿಂದಳು, ಎಷ್ಟು ನಿಮಿಷಕ್ಕೆ ಶುರುವಾಯಿತು, ಏನೇನಾಯಿತು? ಕಿತ್ತಳೆ ನಿಲ್ಲಿಸಿ, ಉಳಿದದ್ದನ್ನೆಲ್ಲ ಬರೆದಿಡಿ ಎಂದರು. ಲೆಡ್ಜರ್ ಬರೆದು ಪಳಗಿದ ಕೈ ನನ್ನದು, ಒಂದು ನೋಟ್‌ಬುಕ್ಕಿಗೆ ಗೆರೆ ಎಳೆದು ಕೂತೆ. ಮೂರು ವಾರದಲ್ಲಿ ಲೆಕ್ಕ ಹೊಂದಿತು. ನಿಂಬೆಹಣ್ಣಿನ ಚಿತ್ರಾನ್ನಕ್ಕೆ ಏನೂ ಆಗಲಿಲ್ಲ, ಹುಣಸೆಹುಳಿಯ ಸಾರಿಗೂ ಇಲ್ಲ. ನೆಂಟರ ಮನೆಯಲ್ಲಿ ಕೊಟ್ಟ ಮೋಸಂಬಿ ರಸ ಎರಡು ಗುಟುಕು ಕುಡಿದದ್ದಕ್ಕೆ ಮಾತ್ರ ತುಟಿ ಕಡಿಯಿತು.

ಆಮೇಲೆ ಪರೀಕ್ಷೆ. ಮುಂಗೈ ಮೇಲೆ ಹನಿ ಹಾಕಿ ಸಣ್ಣಗೆ ಚುಚ್ಚುತ್ತಾರೆ, ರಕ್ತ ಬರುವುದಿಲ್ಲ. ಹಣ್ಣಿನ ಅಲರ್ಜಿಗೆ ಕೆಲವೊಮ್ಮೆ ತಾಜಾ ಹಣ್ಣನ್ನೇ ಚುಚ್ಚಿ, ಅದೇ ಸೂಜಿಯಿಂದ ಚರ್ಮ ಚುಚ್ಚುವುದೂ ಉಂಟು. ಹದಿನೈದು ಇಪ್ಪತ್ತು ನಿಮಿಷ ಕಾದು, ಎದ್ದ ಗುಳ್ಳೆಯನ್ನು ಅಳೆಯುತ್ತಾರೆ. ಉಪ್ಪುನೀರಿನ ಗುರುತಿಗಿಂತ 3 ಮಿ.ಮೀ. ಆದರೂ ದೊಡ್ಡದಿದ್ದರೆ ಪಾಸಿಟಿವ್. ತುರಿಕೆಯ ಮಾತ್ರೆಗಳನ್ನು ಡಾಕ್ಟರು ಹೇಳಿದಷ್ಟು ದಿನ ಮೊದಲೇ ನಿಲ್ಲಿಸಿರಬೇಕು, ಇಲ್ಲವಾದರೆ ಉತ್ತರ ಸುಳ್ಳಾಗುತ್ತದೆ. ರಕ್ತದಲ್ಲಿ ಆಯಾ ಹಣ್ಣಿಗೆ ಸಂಬಂಧಿಸಿದ ಐಜಿಇ ನೋಡುವ ಪರೀಕ್ಷೆಯೂ ಇದೆ. ಆದರೆ ಪಾಸಿಟಿವ್ ಬಂದ ಮಾತ್ರಕ್ಕೆ ಅಲರ್ಜಿ ಎಂದಲ್ಲ. ತಿಂದಾಗ ಆದದ್ದಕ್ಕೂ ಅದಕ್ಕೂ ತಾಳೆಯಾಗಬೇಕು. ಸಂದೇಹ ಉಳಿದರೆ ಆಸ್ಪತ್ರೆಯಲ್ಲೇ ಸ್ವಲ್ಪ ಸ್ವಲ್ಪ ತಿನ್ನಿಸಿ ನೋಡುತ್ತಾರೆ. ಅದನ್ನು ಮನೆಯಲ್ಲಿ ಮಾಡಬಾರದು. ನೂರಾರು ಪದಾರ್ಥಗಳ "ಪ್ಯಾಕೇಜ್" ಪರೀಕ್ಷೆ ಮಾಡಿಸಿ, ಮಗುವಿಗೆ ಅನ್ನವೊಂದನ್ನು ಬಿಟ್ಟು ಎಲ್ಲ ನಿಲ್ಲಿಸುವುದೂ ತಪ್ಪು.

ನಮ್ಮ ಮನೆಯ ತೀರ್ಮಾನ: ಕಿತ್ತಳೆ, ಮೋಸಂಬಿ ಬೇಡ, ನಿಂಬೆ ಆಗಬಹುದು. ಎಲ್ಲರಿಗೂ ಹೀಗೇ ಎಂದಲ್ಲ. ಕೆಲವರಿಗೆ ನಿಂಬೆ, ಹೇರಳೆ, ಚಕ್ಕೋತ ಎಲ್ಲವೂ ಆಗದಿರಬಹುದು. ಅಂಥವರಿಗೆ ಹುಣಸೆ, ಮಾವಿನಕಾಯಿ, ಪುನರ್ಪುಳಿ ಇವೆ. ಸಿ ಜೀವಸತ್ವದ ಚಿಂತೆ ಬೇಡ. 100 ಗ್ರಾಂ ಕಿತ್ತಳೆಯಲ್ಲಿ ಸುಮಾರು 50 ಮಿ.ಗ್ರಾಂ. ಇದ್ದರೆ ಸೀಬೆಯಲ್ಲಿ 200ರ ಆಸುಪಾಸು. ಬೆಟ್ಟದ ನೆಲ್ಲಿಕಾಯಿಯಂತೂ ಇದ್ದೇ ಇದೆ.

ಪೊಟ್ಟಣದ ತಿಂಡಿಯ ಪದಾರ್ಥಗಳ ಪಟ್ಟಿಯನ್ನು ಪೂರ್ತಿ ಓದಿ. ಕಡಲೆಕಾಯಿ, ಹಾಲು, ಮೊಟ್ಟೆಗಳಂತೆ ಕಿತ್ತಳೆಯನ್ನು ಅಲರ್ಜಿಯ ಎಚ್ಚರಿಕೆಯ ಸಾಲಿನಲ್ಲಿ ಕಡ್ಡಾಯವಾಗಿ ಹಾಕಬೇಕೆಂಬ ನಿಯಮ ನಮ್ಮಲ್ಲಿಲ್ಲ. ಜಾಮ್, ಕೇಕ್, ಮಿಶ್ರಹಣ್ಣಿನ ರಸಗಳಲ್ಲಿ ಅಡಗಿರುತ್ತದೆ. 330 ಎಂದು ಬರೆದಿದ್ದರೆ ಮಾತ್ರ ಗಾಬರಿ ಬೇಡ. ಅದು ಸಿಟ್ರಿಕ್ ಆಮ್ಲ. ಕಾರ್ಖಾನೆಗಳಲ್ಲಿ ಅದನ್ನು ಹೆಚ್ಚಾಗಿ ತಯಾರಿಸುವುದು ಹಣ್ಣಿನಿಂದಲ್ಲ, ಒಂದು ಬಗೆಯ ಬೂಷ್ಟಿನ ನೆರವಿನಿಂದ.

ಶಾಲೆಯ ಟೀಚರಿಗೆ, ಊಟ ಹಂಚಿಕೊಳ್ಳುವ ಗೆಳತಿಯರಿಗೆ ವಿಷಯ ಹೇಳಿಡಿ. ಉಬ್ಬಸ, ಧ್ವನಿ ಗೊಗ್ಗರಾಗುವುದು, ಪದೇಪದೇ ವಾಂತಿ, ತಲೆಸುತ್ತು ಕಂಡರೆ ಮಾತ್ರೆ ಕೊಟ್ಟು ಕಾಯುತ್ತ ಕೂರಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ. ಆ ಹೊತ್ತಿಗೆ ಜೀವ ಉಳಿಸುವುದು ಅಡ್ರಿನಲಿನ್ ಚುಚ್ಚುಮದ್ದು.

ಈಗ ಸಂಜೆ ನಾನು ಸೀಬೆಹಣ್ಣು ಹೆಚ್ಚಿ ಕೊಡುತ್ತೇನೆ. ಮೊನ್ನೆ ಅವಳು ಕೇಳಿದಳು: "ತಾತ, ಇನ್ಮೇಲೆ ನಾನು ಬೇಡ ಅಂದ್ರೆ ನಂಬ್ತೀಯಾ?" "ನಂಬ್ತೀನಿ ಕಣಮ್ಮ" ಎಂದೆ. "ಹಾಗಾದ್ರೆ ಹಾಗಲಕಾಯಿ ಗೊಜ್ಜು ಬೇಡ" ಎಂದು ಓಡಿದಳು. ಅದಕ್ಕೆ ಮಾತ್ರ ನೋಟ್‌ಬುಕ್ಕಿನಲ್ಲಿ ಯಾವ ಆಧಾರವೂ ಇಲ್ಲ!